ಕಿತ್ತಳೆ ಬಣ್ಣದ ಕ್ರೀಮು

ಟೀವಿಯಲ್ಲಿ ಕಾಣೋ ಯಾವ ಮುಖವನ್ನೂ ನಂಬಬೇಡಿ. ಇದನ್ನ ಹೇಳ್ತಿರೋಳು ಹದಿನೇಳು ವರ್ಷದಿಂದ ಒಂದು ಸುದ್ದಿ ಚಾನೆಲ್ಲಿನ ಮೇಕಪ್ ರೂಮಲ್ಲಿ ನಿಂತು ನಿಂತು ಕಾಲು ಊದಿಸ್ಕೊಂಡಿರೋ ಹೆಂಗಸು. ಆಫೀಸಲ್ಲಿ ನನ್ನ ಪೌಡರಕ್ಕ ಅಂತಾರೆ. ಮಂತ್ರಿಗಳಾಗ್ಲಿ, ಡಾಕ್ಟರಾಗ್ಲಿ, ಮೊನ್ನೆ ತಾನೇ ಜಾಮೀನು ತಗೊಂಡು ಆಚೆ ಬಂದೋರಾಗ್ಲಿ, ಕ್ಯಾಮೆರಾ ಮುಂದೆ ಹೋಗೋಕೆ ಮುಂಚೆ ನನ್ನ ಕುರ್ಚಿ ಮೇಲೆ ಕೂತು, ಕಣ್ಣು ಮುಚ್ಚಿ, ಗದ್ದ ಎತ್ತಲೇಬೇಕು. ಎಂಥಾ ಹುಲಿಯಾದ್ರೂ ಸ್ಪಂಜು ಹತ್ತಿರ ಬಂದಾಗ ಮಗು ಥರ ಮುಖ ಕೊಡುತ್ತೆ.

ಸಂಜೆ ಐದು ಗಂಟೆ ಚರ್ಚೆ ನಡೆಸೋ ನಮ್ಮ ಆಂಕರ್ರನ್ನೇ ತಗೊಳ್ಳಿ. ಅವರ ಗಂಟಲಿಗೆ ಹೆದರಿ ನಾವೆಲ್ಲ ಬೆನ್ನ ಹಿಂದೆ ಗುಡುಗಪ್ಪ ಅಂತೀವಿ. ಬೆಳಗ್ಗೆ ಒಂದ್ಸಲ, ಮಧ್ಯಾಹ್ನ ಒಂದ್ಸಲ ಗಡ್ಡ ಹೆರೆದ್ರೂ ಸ್ಟುಡಿಯೋ ಲೈಟು ಬಿದ್ದ ಕೂಡ್ಲೇ ಅವರ ಕೆನ್ನೆ ಮೇಲೆ ಬೂದು ಬೂದು ನೆರಳು ಏಳುತ್ತೆ. ಬರೀ ಪೌಡರ್ ಬಳಿದ್ರೆ ಇನ್ನೂ ಕೆಟ್ಟದಾಗಿ ಕಾಣುತ್ತೆ. ಅದಕ್ಕೆ ಮೊದ್ಲು ಕಿತ್ತಳೆ ಬಣ್ಣದ ಕ್ರೀಮನ್ನ ತೆಳ್ಳಗೆ ತಟ್ಟಬೇಕು, ಅದರ ಮೇಲೆ ಚರ್ಮದ ಬಣ್ಣ ತಟ್ಟಬೇಕು, ಆಗ ನೆರಳು ಹೋಗುತ್ತೆ. ಈ ಕೆಲಸದಲ್ಲಿ ನನ್ನ ಮೀರಿಸೋರು ಇಲ್ಲ, ಜಂಭ ಅಂದ್ರೂ ಅನ್ನಿ. ಎರಡು ಪದರ ಬಳಿಸ್ಕೊಂಡು ಹೋಗಿ ಆ ಮನುಷ್ಯ "ಮುಖವಾಡ ಕಳಚ್ತೀನಿ!" ಅಂತ ಮೇಜು ಕುಟ್ಟುವಾಗ ನಾನು ಒಳಗೊಳಗೇ ನಗ್ತಾ ಸ್ಪಂಜು ತೊಳೀತಿರ್ತೀನಿ.

ಇಷ್ಟು ಜನರ ಮುಖ ಮುಟ್ಟಿದೀನಿ. ಮುಟ್ಟಲ್ಲ ಅಂದಿದ್ದು ಒಂದೇ ಒಂದು ಮುಖ, ಅದೂ ನಾನೇ ಹೆತ್ತಿದ್ದು.

ನನಗೆ ಒಂದೇ ಮಗು. ಗುಬ್ಬಿ ಅಂತ ಕರೀತಿದ್ವಿ. ಹುಟ್ಟಿದಾಗ ಗಂಡು ಅಂದ್ರು, ಗಂಡು ಅಂತಾನೇ ಬೆಳೆಸಿದ್ವಿ. ಹತ್ತೊಂಬತ್ತನೇ ವರ್ಷದಲ್ಲಿ ಒಂದಿನ ನನ್ನ ಮುಂದೆ ಕೂತು, "ಅಮ್ಮ, ನಾನು ಹುಡುಗಿ. ಚಿಕ್ಕಂದಿನಿಂದ್ಲೂ ಹುಡುಗೀನೇ. ಹೇಳೋಕೆ ಧೈರ್ಯ ಇರ್ಲಿಲ್ಲ," ಅಂದ್ಲು. ನಾನು ಬಾಯಿಗೆ ಬಂದಿದ್ದೆಲ್ಲ ಅಂದೆ. ಆಮೇಲೆ ಒಂದ್ಸಲ, "ಊರಿಗೆಲ್ಲ ಮೇಕಪ್ ಮಾಡ್ತೀಯಲ್ಲಮ್ಮ, ನನಗೊಂದ್ಸಲ ಮಾಡೇ," ಅಂತ ಕೇಳಿದ್ಲು. "ನಾನು ಸತ್ತ ಮೇಲೆ ಮಾಡ್ಕೋ," ಅಂದೆ. ನಾಲಿಗೆಗೆ ಮೂಳೆ ಇಲ್ಲ ನೋಡಿ, ಹೇಗೆ ಬೇಕಾದ್ರೂ ಹೊರಳುತ್ತೆ.

ಅವರಪ್ಪನ ಕಥೆಯೇ ಬೇರೆ. ವಿಷಯ ಗೊತ್ತಾದ ದಿನ ಅವಳನ್ನ ಹೊರಗೆ ತಳ್ಳಿ ಬಾಗಿಲು ಹಾಕಿದ್ರು. ಅವಳ ಎಡಗೈ ಬಾಗಿಲ ಸಂದಿಯಲ್ಲಿತ್ತು. ಕಾಣ್ಲಿಲ್ಲ ಅಂತ ಇವತ್ತಿಗೂ ಹೇಳ್ತಾರೆ. ಕಂಡಿತ್ತು. ನಾನು ಪಕ್ಕದಲ್ಲೇ ನಿಂತಿದ್ದೆ, ನನಗೆ ಕಂಡಿದ್ದು ಅವರಿಗೆ ಕಾಣದೆ ಇರುತ್ತಾ? ಆ ಕಿರುಬೆರಳು ಈಗ್ಲೂ ಸೊಟ್ಟಗಿದೆ. ಇನ್ನೊಂದ್ಸಲ ಹೊಸಿಲು ತುಳಿದ್ರೆ ಬೆರಳಿಗೆ ನಿಲ್ಲಲ್ಲ ಅಂದ್ರು. ಹೇಳಿದ್ದನ್ನ ಮಾಡೋ ಮನುಷ್ಯ ಅವರು.

ಇದಾಗಿ ಮೂರು ವರ್ಷ. ಮೊದಲನೇ ವರ್ಷ ನಾನೂ ಅವಳ ಮುಖ ನೋಡ್ಲಿಲ್ಲ. ಆಮೇಲೆ ತಡೀಲಾರದೆ ನಾನೇ ಫೋನ್ ಮಾಡಿದೆ. ಅವಳು ಒಂದು ಲ್ಯಾಬಲ್ಲಿ ರಕ್ತ ತೆಗೆಯೋ ಕೆಲಸಕ್ಕೆ ಸೇರಿದ್ಲು. ಸೂಜಿ ಚುಚ್ಚಿದ್ದೇ ಗೊತ್ತಾಗಲ್ಲ ಅಂತ ವಯಸ್ಸಾದೋರೆಲ್ಲ ಅವಳೇ ಬೇಕು ಅಂತ ಕಾಯ್ತಾರಂತೆ. ಲ್ಯಾಬಿನ ಹಿಂದಿನ ಪಾರ್ಕಲ್ಲಿ ಒಂದು ಬೆಂಚಿದೆ. ಪ್ರತಿ ಭಾನುವಾರ ತರಕಾರಿಗೆ ಅಂತ ಮನೆಯಿಂದ ಹೊರಟು ಆ ಬೆಂಚಿಗೆ ಹೋಗ್ತಿದ್ದೆ. ಅರ್ಧ ಗಂಟೆ. ಅಷ್ಟರಲ್ಲೇ ವಾರದ ಮಾತೆಲ್ಲ ಮುಗೀಬೇಕು.

ಅವಳಿರೋದು ಕೆಲಸಕ್ಕೆ ಹೋಗೋ ಹೆಣ್ಣುಮಕ್ಕಳ ಹಾಸ್ಟೆಲ್ಲಲ್ಲಿ. ಅಲ್ಲೊಂದು ನಿಯಮ ಇದೆ. ಈ ಊರಲ್ಲಿ ತಮ್ಮೋರು ಅಂತ ಯಾರೂ ಇಲ್ಲದ ಹುಡುಗೀರಿಗೆ ಮಾತ್ರ ರೂಮು. ಸೇರೋವಾಗ ಫಾರಂ ತಂದು ಬೆಂಚಿನ ಮೇಲೆ ನನಗೆ ತೋರಿಸಿದ್ಲು. ತಂದೆ, ತಾಯಿ, ಸಂಬಂಧಿಕರು ಅಂತ ಮೂರು ಸಾಲು. "ಯಾರೂ ಇಲ್ಲ ಅಂತ ಬರೀಬೇಕಮ್ಮ. ಬೇಜಾರು ಮಾಡ್ಕೋಬೇಡ," ಅಂದ್ಲು. "ಬರಿ," ಅಂದೆ. ಮೂರು ಸಾಲಿಗೂ ಅದನ್ನೇ ಬರೆದ್ಲು. ಹೇಳೋಕೆ ನಾಚಿಕೆ, ಆದ್ರೂ ಹೇಳ್ತೀನಿ, ಆ ಹೊತ್ತಲ್ಲಿ ನನಗೆ ಹಗುರ ಅನ್ನಿಸ್ತು.

ಎರಡು ವರ್ಷ ಚೆನ್ನಾಗೇ ನಡೀತು. ಅಲ್ಲಿನ ವಾರ್ಡನ್ನಮ್ಮನಿಗೆ ಗುಬ್ಬಿಯ ವಿಷಯ ಮೊದಲಿಂದ್ಲೂ ಗೊತ್ತು, ಹಳೇ ಸರ್ಟಿಫಿಕೇಟು ನೋಡಿದ್ರು, ಸುಮ್ಮನಿದ್ರು. ಮೊನ್ನೆ ಯಾರೋ ಹುಡುಗಿಯ ಅಪ್ಪನಿಗೆ ಅದು ಹೇಗೋ ಗೊತ್ತಾಗಿ, ಆತ ದೂರು ಕೊಟ್ಟು, ದೂರಿನ ಕಾಗದ ನಮ್ಮ ಚಾನೆಲ್ಲಿಗೂ ಕಳಿಸಿದ. ನಮ್ಮೋರಿಗೆ ಇನ್ನೇನು ಬೇಕು? ಒಂದು ವಾರ ಇದೇ ಸುದ್ದಿ, ಇದೇ ಬೊಬ್ಬೆ. ಹಾಸ್ಟೆಲ್ ಕಮಿಟಿ ಶುಕ್ರವಾರ ಬೆಳಗ್ಗೆ ಹತ್ತಕ್ಕೆ ಸೇರಿ ರೂಮು ಉಂಟೋ ಇಲ್ವೋ ತೀರ್ಮಾನ ಮಾಡ್ತೀವಿ ಅಂತು. ವಾರ್ಡನ್ನಮ್ಮ ಅವಳನ್ನ ಕರೆದು, "ನೋಡಮ್ಮ, ನಿನ್ನ ಪರವಾಗಿ ಹೇಳೋಕೆ ನನ್ನ ಹತ್ರ ಗಟ್ಟಿಯಾಗಿರೋದು ಒಂದೇ ಮಾತು. ನಿನಗೆ ಯಾರೂ ಇಲ್ಲ, ದಿಕ್ಕಿಲ್ಲದೋಳನ್ನ ಬೀದಿಗೆ ಹಾಕೋಕೆ ನಮ್ಮ ನಿಯಮವೇ ಬಿಡಲ್ಲ. ಅದರ ಮೇಲೇ ವಾದ ಮಾಡ್ತೀನಿ," ಅಂದಿದ್ರಂತೆ.

ಗುರುವಾರ ಬೆಳಗ್ಗೆ ಗುಬ್ಬಿ ಫೋನ್ ಬಂತು.

"ಅಮ್ಮ, ಇವತ್ತು ಐದು ಗಂಟೆ ಚರ್ಚೆಗೆ ನನ್ನ ಕರೆದಿದಾರೆ. ನಿನ್ನ ಕುರ್ಚಿಗೆ ಬರ್ತಿದೀನಿ."

"ಹುಚ್ಚು ಹಿಡಿದಿದ್ಯಾ? ಬರ್ಬೇಡ. ಅವರು ಹರಿದು ತಿಂತಾರೆ ಕಣೇ."

"ಬರದಿದ್ರೆ ಖಾಲಿ ಕುರ್ಚಿ ತೋರಿಸ್ತಾರಂತೆ, ಮೇಲೆ ನನ್ನ ಹಳೇ ಫೋಟೋ ಹಾಕ್ತಾರಂತೆ. ಕಮಿಟಿಯೋರೆಲ್ಲ ನೋಡ್ತಾರೆ. ಅದಕ್ಕಿಂತ ನಾನೇ ಬಂದು ಎರಡು ನಿಮಿಷ ಸಮಾಧಾನವಾಗಿ ಮಾತಾಡೋದು ವಾಸಿ. ಮತ್ತೆ ಅಮ್ಮ, ನೀನ್ಯಾರೋ, ನಾನ್ಯಾರೋ. ನೆನಪಿರ್ಲಿ."

"ಆಯ್ತು ಬಿಡು, ಗೊತ್ತು," ಅಂತ ರೇಗಿದೆ. ಆ ಮಾತು ನೆನಪಿಟ್ಕೊಂಡಿದ್ರೆ ಇವತ್ತು ಈ ಕಥೆ ಹೇಳೋ ಕರ್ಮ ಇರ್ತಿರ್ಲಿಲ್ಲ.

ನಾಲ್ಕೂಕಾಲಿಗೆ ಪ್ರೊಡ್ಯೂಸರ್ ಮೇಕಪ್ ರೂಮಿಗೆ ತಲೆ ಹಾಕಿದ. ಕಾಫಿ ಕುಡಿಯುವಾಗ್ಲೂ ಹತ್ತು, ಒಂಬತ್ತು, ಎಂಟು ಅಂತ ಎಣಿಸೋನು, ಅದಕ್ಕೇ ಅವನಿಗೆ ಕೌಂಟ್‌ಡೌನ್ ಅಂತ ಹೆಸರು.

"ಅಕ್ಕ, ಆ ಹಾಸ್ಟೆಲ್ ಕೇಸು ಬರುತ್ತಲ್ಲ, ಅದಕ್ಕೆ ಜಾಸ್ತಿ ಮೇಕಪ್ ಬೇಡ. ಪೌಡರ್ ಒಂದು ಒತ್ತಿ ಕಳಿಸಿ ಸಾಕು. ಆ ಕಿತ್ತಳೆ ಕ್ರೀಮಂತೂ ಬೇಡವೇ ಬೇಡ."

"ಯಾಕಪ್ಪ, ಗಂಡಸರಿಗೆಲ್ಲ ಹಚ್ತೀನಿ, ಆಂಕರ್ ಸಾಹೇಬ್ರಿಗೆ ಎರಡು ಪದರ ಹಚ್ತೀನಿ, ಅವಳಿಗ್ಯಾಕೆ ಬೇಡ?"

"ಜನ ಇರೋದನ್ನ ಇದ್ದ ಹಾಗೆ ನೋಡ್ಲಿ ಬಿಡಿ ಅಕ್ಕ," ಅಂತ ಕಣ್ಣು ಮಿಟುಕಿಸಿ ಹೋದ.

ಲೈಟಿನ ಕೆಳಗೆ ಅವಳ ಕೆನ್ನೆ ಮೇಲೆ ನೆರಳು ಏಳಬೇಕು, ಮನೆಮನೆಯಲ್ಲೂ ಜನ ಅದನ್ನ ನೋಡಿ ನಗಬೇಕು, ಇವನ ಲೆಕ್ಕ ಇಷ್ಟೇ. ನನಗೆ ಉರಿದುಹೋಯ್ತು. ಇರು ಮಗನೇ, ನನ್ನ ಕೈ ಎಂಥದ್ದು ಅಂತ ಇವತ್ತು ತೋರಿಸ್ತೀನಿ ಅಂದ್ಕೊಂಡು ಹೊಸ ಟ್ಯೂಬು ಒಡೆದೆ.

ಗುಬ್ಬಿ ಬಂದ್ಲು. ಇಸ್ತ್ರಿ ಮಾಡಿದ ನೀಲಿ ಅಂಗಿ, ಹೆಗಲಿಗೆ ಚೀಲ. ಪಕ್ಕದ ಕುರ್ಚಿಯಲ್ಲಿ ಅವಳ ವಿರುದ್ಧ ಮಾತಾಡೋಕೆ ಬಂದಿದ್ದ ವಕೀಲರು ಕೂತಿದ್ರು. ಕೆಮ್ಮಿನ ಮನುಷ್ಯ, ಬಾಯಲ್ಲಿ ಯಾವಾಗ್ಲೂ ಒಂದು ಕೆಮ್ಮಿನ ಗುಳಿಗೆ. ಅವರ ಎದುರಿಗೆ ನಾವು ಅಪರಿಚಿತರ ಹಾಗೇ ಇರಬೇಕಿತ್ತು.

"ನಮಸ್ಕಾರ ಮೇಡಂ," ಅಂದ್ಲು.

"ಕೂತ್ಕೊಳ್ಳಿ. ಗದ್ದ ಎತ್ತಿ," ಅಂದೆ.

ಮೂರು ವರ್ಷ ಆದ ಮೇಲೆ ನನ್ನ ಮಗುವಿನ ಮುಖ ಮುಟ್ಟಿದೆ. ಬೆಂಚಿನ ಮೇಲೆ ಕೈ ಹಿಡ್ಕೊಂಡಿದ್ದೆ, ತಲೆ ಸವರಿದ್ದೆ, ಮುಖ ಮಾತ್ರ ಮುಟ್ಟಿರ್ಲಿಲ್ಲ, ಯಾಕೋ ಆಗ್ತಿರ್ಲಿಲ್ಲ. ಗದ್ದದ ಕೆಳಗೆ ನನ್ನ ಹೆಬ್ಬೆರಳಿಗೆ ಹಳೇ ಗಾಯದ ಗುರುತು ಸಿಕ್ತು. ಆರನೇ ವಯಸ್ಸಲ್ಲಿ ಸೈಕಲ್ಲಿಂದ ಬಿದ್ದು ಮೂರು ಹೊಲಿಗೆ ಹಾಕಿಸ್ಕೊಂಡು ಬಂದಿದ್ಲು. ಕಿತ್ತಳೆ ಕ್ರೀಮು ತಟ್ಟಿದೆ, ಬಾಯಿಯ ಸುತ್ತ, ದವಡೆ ಉದ್ದಕ್ಕೂ, ಕಿವಿಯ ಬುಡದವರೆಗೆ. ಮೇಲೆ ಚರ್ಮದ ಬಣ್ಣ ತಟ್ಟಿ, ರೆಪ್ಪೆ ತೀಡಿ, ತುಟಿಗೆ ಇದ್ದೂ ಇಲ್ಲದ ಹಾಗೆ ಒಂಚೂರು ಬಣ್ಣ ಇಟ್ಟೆ. ಹದಿನೇಳು ವರ್ಷದಲ್ಲಿ ಅಷ್ಟು ಚೆನ್ನಾಗಿ ಯಾರಿಗೂ ಮಾಡಿಲ್ಲ.

"ಕಣ್ಣು ಬಿಡಿ," ಅಂದೆ.

ಕನ್ನಡಿ ನೋಡ್ಕೊಂಡ್ಲು. ನೋಡ್ತಾನೇ ಇದ್ಲು. ಕಣ್ಣು ತುಂಬಿ ಬಂತು.

"ಅಳಬೇಡಿ ಮೇಡಂ, ತೀಡಿದ್ದೆಲ್ಲ ಇಳಿಯುತ್ತೆ," ಅಂತ ಗದರಿಸಿದೆ. ಗದರದಿದ್ರೆ ನನ್ನದೇ ಮೊದ್ಲು ಇಳೀತಿತ್ತು.

ವಕೀಲರು ಪಕ್ಕದಿಂದ ಬಗ್ಗಿ ನೋಡಿ, "ಹೆದರ್ಬೇಡ ತಂಗಿ, ನಾವೇನು ಹುಲಿ ಅಲ್ಲ," ಅಂತ ಅವಳಿಗೂ ಒಂದು ಗುಳಿಗೆ ಕೊಟ್ರು. ಒಳ್ಳೇ ಮನುಷ್ಯ ಅಂತಾನೇ ನಾನೂ ತಿಳ್ಕೊಂಡೆ.

ಚರ್ಚೆ ಶುರುವಾಯ್ತು. ಮೇಕಪ್ ರೂಮಿನ ಮೂಲೆಯಲ್ಲಿರೋ ಚಿಕ್ಕ ಟೀವಿ ಮುಂದೆ ನಿಂತೆ. ಕೆಳಗೆ ಕೆಂಪು ಪಟ್ಟಿ, "ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ನುಗ್ಗಿದ್ದು ಯಾರು?" ನುಗ್ಗಿದ್ದಂತೆ! ಫಾರಂ ತುಂಬಿ, ಬಕೆಟ್ಟು ಹಿಡ್ಕೊಂಡು ಹೋದೋಳು ನುಗ್ಗಿದ್ಲಾ? ತೆರೆ ಮೇಲೆ ನಾಲ್ಕು ಚೌಕ. ಒಂದರಲ್ಲಿ ವಕೀಲರು, ಒಂದರಲ್ಲಿ ಗುಬ್ಬಿ, ಒಂದರಲ್ಲಿ ಬೇರೆ ಊರಿಂದ ಮಾತಾಡ್ತಿದ್ದ ಡಾಕ್ಟರಮ್ಮ, ಇನ್ನೊಂದರಲ್ಲಿ ಫೋನಿನ ಚಿತ್ರ, ಅದು ವಾರ್ಡನ್ನಮ್ಮ.

"ಒಂದೇ ಮಾತಲ್ಲಿ ಹೇಳಿ, ನೀವು ಗಂಡೋ ಹೆಣ್ಣೋ?" ಅಂತ ಗುಡುಗಪ್ಪ ಬಾಯಿ ತೆಗೆದ್ರು.

"ಹೆಣ್ಣು," ಅಂದ್ಲು ಗುಬ್ಬಿ. "ಬೆಳಗ್ಗೆ ಆರಕ್ಕೆ ಎದ್ದು ಲ್ಯಾಬಿಗೆ ಹೋಗ್ತೀನಿ. ಸಂಜೆ ಬಂದು ಬಟ್ಟೆ ಒಗೀತೀನಿ, ಊಟ ಮಾಡಿ ಮಲಗ್ತೀನಿ. ಎರಡು ವರ್ಷದಲ್ಲಿ ನನ್ನ ನಡತೆ ಮೇಲೆ ಒಂದು ದೂರಿಲ್ಲ. ನನ್ನ ರೂಮಿನೋಳನ್ನೇ ಕೇಳಿ. ಅವಳಿಗೆ ಜ್ವರ ಬಂದಾಗ ನಾಲ್ಕು ದಿನ ನಾನೇ ನೋಡ್ಕೊಂಡಿದ್ದು."

ಎಷ್ಟು ಸಮಾಧಾನವಾಗಿ ಹೇಳಿದ್ಲು ಅಂದ್ರೆ, ಗುಡುಗಪ್ಪನಿಗೆ ಗುಡುಗೋಕೆ ಜಾಗವೇ ಸಿಗ್ಲಿಲ್ಲ. ವಾರ್ಡನ್ನಮ್ಮ ಫೋನಲ್ಲಿ, "ಅವಳಿಗೆ ಹಿಂದೆ ಮುಂದೆ ಯಾರೂ ಇಲ್ಲ ಸಾರ್. ಅಂಥೋರಿಗೇ ನಮ್ಮ ಹಾಸ್ಟೆಲ್ ಇರೋದು. ನಾಳೆ ಮೀಟಿಂಗಲ್ಲೂ ನಾನು ಇದನ್ನೇ ಹೇಳೋದು," ಅಂದ್ರು. ವಕೀಲರು ಕಾಗದ ಮಗುಚಿದ್ರು, ಕೆಮ್ಮಿದ್ರು, ಇನ್ನೊಂದು ಗುಳಿಗೆ ಬಾಯಿಗೆ ಹಾಕ್ಕೊಂಡ್ರು. ನನಗೆ ಕುಣಿದಾಡೋ ಹಾಗಾಯ್ತು. ಗೆದ್ದೆ ಕಣೇ ಗುಬ್ಬಿ, ರೂಮು ಉಳೀತು ಅಂತ ಟೀವಿಗೇ ಹೇಳಿದೆ.

ಆಗ ವಕೀಲರು ಗಂಟಲು ಸರಿಮಾಡ್ಕೊಂಡ್ರು.

"ನೋಡಿ, ಈ ತಂಗಿ ಮೇಲೆ ನನಗೆ ದ್ವೇಷ ಇಲ್ಲ. ಆದ್ರೆ ಎಷ್ಟು ಚೆನ್ನಾಗಿ ಕಾಣ್ತಾರೆ ನೋಡಿ. ಯಾರಿಗಾದ್ರೂ ಗೊತ್ತಾಗುತ್ತಾ? ಇವರು ನಿಮ್ಮ ಮಗಳ ಪಕ್ಕದ ಮಂಚದಲ್ಲಿದ್ರೆ ನಿಮಗೆ ತಿಳಿಯುತ್ತಾ? ಅದೇ ನನ್ನ ಭಯ."

ಅಯ್ಯೋ ದೇವರೇ. ನೆರಳು ಕಂಡಿದ್ರೆ ನಗ್ತಿದ್ರು. ಕಾಣದ ಹಾಗೆ ಮಾಡಿದೆ, ಅದಕ್ಕೆ ಮೋಸ ಅಂದ್ರು. ನಾನು ಕೈಯಾರೆ ಮಾಡಿದ ಕೆಲಸವನ್ನ ಎತ್ತಿ ಅವಳ ಮುಖಕ್ಕೇ ಹೊಡೆದ್ರು. ಸ್ಪಂಜು ಇನ್ನೂ ನನ್ನ ಕೈಯಲ್ಲೇ ಇತ್ತು, ಎಸೆಯೋಣ ಅಂದ್ರೂ ಬೆರಳು ಬಿಡಿಸೋಕೆ ಆಗ್ಲಿಲ್ಲ.

ಗುಡುಗಪ್ಪನಿಗೆ ಜೀವ ಬಂತು. "ಬ್ರೇಕ್ ಆದ ಮೇಲೆ, ಇದೇ ಜಾಗದಲ್ಲಿ, ಬಣ್ಣದ ಹಿಂದಿನ ಮುಖ!" ಅಂದ್ರು.

ಕೌಂಟ್‌ಡೌನ್ ಓಡಿ ಬಂದ. "ನಾನು ಹೇಳಿದ್ದೇನು, ನೀವು ಮಾಡಿದ್ದೇನು ಅಕ್ಕ? ಹೋಗ್ಲಿ ಬಿಡಿ, ಒಳ್ಳೇದೇ ಆಯ್ತು. ಒದ್ದೆ ಟಿಶ್ಯೂ ತಗೊಂಡು ಬನ್ನಿ. ಕ್ಯಾಮೆರಾ ಮುಂದೇನೇ ಒರೆಸಬೇಕು. ನಿಮ್ಮ ಕೈ ಮಾತ್ರ ಕಾಣುತ್ತೆ, ಚಿಂತೆ ಮಾಡ್ಬೇಡಿ."

"ನಾನು ಒರೆಸಲ್ಲ."

"ನೀವು ಒರೆಸದಿದ್ರೆ ನಾನೇ ಒರೆಸ್ತೀನಿ. ನನ್ನ ಕೈ ಒರಟು. ಬನ್ನಿ, ಎಂಬತ್ತು, ಎಪ್ಪತ್ತೊಂಬತ್ತು..."

ಅವನ ಕೈ ಅವಳ ಮುಖದ ಮೇಲೆ ಬೀಳೋದಕ್ಕಿಂತ ನನ್ನ ಕೈಯೇ ವಾಸಿ ಅಂತ ಹೋದೆ. ಹೋಗಬಾರದಿತ್ತು. ಹೋಗದೇ ಇದ್ದು ಏನು ಮಾಡ್ಬೇಕಿತ್ತು ಅಂತ ಇವತ್ತಿಗೂ ಹೊಳೆದಿಲ್ಲ.

ಸ್ಟುಡಿಯೋ ಒಳಗೆ ಲೈಟಿಗೆ ಕಣ್ಣು ಕೋರೈಸ್ತು. ಕೆಂಪು ದೀಪ ಹತ್ತಿತು. ಗುಡುಗಪ್ಪ ಗುಬ್ಬಿ ಕಡೆ ವಾಲಿ, "ನಿಮಗೇನೂ ಮುಚ್ಚಿಡೋದಿಲ್ಲ ತಾನೇ? ಹಾಗಿದ್ರೆ ಒರೆಸಿ ತೋರಿಸೋಕೆ ಭಯ ಯಾಕೆ?" ಅಂದ್ರು. ಗೋಡೆಯ ದೊಡ್ಡ ಪರದೆ ಮೇಲೆ ಡಾಕ್ಟರಮ್ಮ ಕೈ ಆಡಿಸಿ ಏನೋ ಕೂಗಿ ಹೇಳ್ತಿದ್ರು. ಅವರ ದನಿ ಕತ್ತರಿಸಿದ್ರು, ಬರೀ ಬಾಯಿ ಆಡ್ತಿತ್ತು.

ಗುಬ್ಬಿ ಅವರನ್ನೇ ನೋಡ್ತಾ, "ಒರೆಸಲಿ. ಬೆಳಗ್ಗೆ ನಾನು ಲ್ಯಾಬಿಗೆ ಹೋಗೋದು ಆ ಮುಖದಲ್ಲೇ. ಜನ ಕೈ ಚಾಚಿ ರಕ್ತ ಕೊಡೋದು ಆ ಮುಖಕ್ಕೇ," ಅಂದ್ಲು. ಕ್ಯಾಮೆರಾದ ಹಿಂದೆ ನಿಂತೋರು ಕೂಡ ಆ ಮಾತಿಗೆ ತಲೆ ತಗ್ಗಿಸಿದ್ರು. ಗುಬ್ಬಿ ನನ್ನ ಕಡೆ ತಿರುಗಿ, ಮೆಲ್ಲಗೆ, "ಒರೆಸಿ ಮೇಡಂ, ಪರವಾಗಿಲ್ಲ," ಅಂತ ಗದ್ದ ಎತ್ತಿದ್ಲು.

ಅಷ್ಟೇ ಇದ್ದಿದ್ದು. ಒರೆಸಿಬಿಟ್ಟಿದ್ರೆ ಮುಗೀತಿತ್ತು. ಅವಳು ಎಲ್ಲ ನಿಭಾಯಿಸಿದ್ಲು, ನಾನು ಕೈ ಆಡಿಸಿದ್ರೆ ಸಾಕಿತ್ತು. ಆದ್ರೆ ಆ ಎತ್ತಿದ ಗದ್ದದ ಕೆಳಗೆ ಮೂರು ಹೊಲಿಗೆ ಗುರುತು ಕಾಣ್ತು ನೋಡಿ, ನನ್ನ ತಲೆಯಲ್ಲಿದ್ದಿದ್ದೆಲ್ಲ ಅಳಿಸಿಹೋಯ್ತು. ಟಿಶ್ಯೂ ನೆಲಕ್ಕೆ ಬಿತ್ತು.

"ನನ್ನ ಕೈಲಾಗಲ್ಲ," ಅಂದೆ.

"ಯಾಕಮ್ಮ, ದಿನಾ ಎಲ್ಲರಿಗೂ ಮಾಡೋ ಕೆಲಸ ತಾನೇ?" ಅಂದ್ರು ಗುಡುಗಪ್ಪ.

"ಇವಳು ನನ್ನ ಮಗಳು. ನಾನು ಹೆತ್ತ ಮಗಳು. ನಿಮಗೆ ನಾಚಿಕೆ ಆಗ್ಬೇಕು!"

ನನ್ನ ಜೀವಮಾನದಲ್ಲಿ ನಾಲ್ಕು ಜನರ ಎದುರಿಗೆ ಮಗಳು ಅಂತ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಎದೆ ಮೇಲಿದ್ದ ಭಾರ ಇಳಿದ ಹಾಗಾಯ್ತು. ಗುಬ್ಬಿ ಮುಖ ನೋಡಿದೆ, ಖುಷಿ ಪಡ್ತಾಳೆ ಅಂತ. ಅವಳ ಮುಖದಲ್ಲಿ ರಕ್ತವೇ ಇರ್ಲಿಲ್ಲ. ನಾನು ಹಚ್ಚಿದ ಬಣ್ಣದ ಕೆಳಗಿಂದ್ಲೂ ಅದು ಗೊತ್ತಾಗ್ತಿತ್ತು. ಆಗ ಆ ಫಾರಂ ನೆನಪಾಯ್ತು. ಮೂರು ಸಾಲು, ಯಾರೂ ಇಲ್ಲ.

ಕೌಂಟ್‌ಡೌನ್ ಕತ್ತಲಲ್ಲಿ ಎರಡೂ ಕೈ ಬೀಸಿ, "ಕುರ್ಚಿ! ಮೈಕು!" ಅಂತ ಪಿಸುಗುಟ್ತಿದ್ದ. ನನ್ನ ಹಿಡಿದು ಅವಳ ಪಕ್ಕ ಕೂರಿಸಿದ್ರು. ವರ್ಷಗಟ್ಟಲೆ ಒಟ್ಟಿಗೆ ಕಾಫಿ ಕುಡಿದ ಮೈಕಿನಣ್ಣ ನನ್ನ ಏಪ್ರನ್ನಿಗೆ ಮೈಕು ಸಿಕ್ಕಿಸ್ತಾ, "ಏನ್ ಮಾಡ್ಕೊಂಡ್ರಿ ಅಕ್ಕ," ಅಂತ ಗೊಣಗಿದ. ಎದುರಿನ ಪರದೆ ಮೇಲೆ ಕೆಂಪು ಪಟ್ಟಿ ಆಗಲೇ ಬದಲಾಗಿತ್ತು. "ಹೆತ್ತವಳ ಕಣ್ಣೀರು." ನಾನು ಅಳ್ತಾನೇ ಇರ್ಲಿಲ್ಲ.

ವಕೀಲರು ಕಾಗದದ ಕಟ್ಟಿಂದ ಒಂದು ಹಾಳೆ ಎಳೆದ್ರು. ಗುಬ್ಬಿಯ ಫಾರಮಿನ ನಕಲು. "ತಾಯಿ, ಯಾರೂ ಇಲ್ಲ. ಇದು ಇವರ ಕೈಬರಹ. ತಾಯಿ ಇಲ್ಲೇ ಕೂತಿದಾರೆ, ಇದೇ ಊರಲ್ಲಿ ಕೆಲಸ ಮಾಡ್ತಾರೆ. ಇವರು ಗಂಡೋ ಹೆಣ್ಣೋ ಆಮೇಲೆ ನೋಡೋಣ. ಸುಳ್ಳು ಹೇಳಿ ರೂಮು ತಗೊಂಡಿದ್ದಂತೂ ನಿಜ ತಾನೇ?"

"ಹಲೋ... ನನಗೆ ಇದು ಗೊತ್ತಿರ್ಲಿಲ್ಲ," ಅಂತು ಫೋನಿನ ದನಿ. ವಾರ್ಡನ್ನಮ್ಮ ಫೋನ್ ಇಟ್ಟುಬಿಟ್ರು.

ಗುಡುಗಪ್ಪ ದನಿ ತಗ್ಗಿಸಿದ್ರು. ಆ ಮನುಷ್ಯ ಕೂಗಿದ್ರೆ ಭಯ ಇಲ್ಲ, ಮೆತ್ತಗೆ ಮಾತಾಡಿದ್ರೆ ಭಯ. "ಅಮ್ಮ, ಮಗಳು ಅಂದ್ರಿ. ದೊಡ್ಡ ಮಾತು. ನಾವೆಲ್ಲ ಮೆಚ್ಚಿದ್ವಿ. ಹಾಗಿದ್ರೆ ಇವತ್ತೇ ಮನೆಗೆ ಕರ್ಕೊಂಡು ಹೋಗ್ತೀರ ತಾನೇ? ಹಾಸ್ಟೆಲ್ ಯಾಕೆ ಬೇಕು?"

ಆ ಹೊತ್ತಿಗೆ ಸರಿಯಾಗಿ ನಮ್ಮ ಮನೆಯಲ್ಲಿ ಅವರಪ್ಪ ಕಾಲು ಚಾಚಿ ಇದೇ ಚಾನೆಲ್ ನೋಡ್ತಿರ್ತಾರೆ. ನೋಡ್ತಿದ್ರು. ನನಗೆ ಆ ಬಾಗಿಲು ಕಾಣ್ತು, ಸಂದಿಯಲ್ಲಿದ್ದ ಕೈ ಕಾಣ್ತು. ಹೂಂ ಅನ್ನೋಣ ಅಂತ ಬಾಯಿ ತೆಗೆದೆ. ದನಿ ಬರ್ಲಿಲ್ಲ. ಕತ್ತಲಲ್ಲಿ ಕೌಂಟ್‌ಡೌನ್ ಒಂದೊಂದೇ ಬೆರಳು ಮಡಚ್ತಿದ್ದ, ನನ್ನ ಮೌನ ಎಷ್ಟು ಸೆಕೆಂಡು ಎಳೀಬಹುದು ಅಂತ.

"ಹೇಳಿ ಅಮ್ಮ. ಕರ್ಕೊಂಡು ಹೋಗ್ತೀರಾ?"

"ಸಾರ್," ಅಂದ್ಲು ಗುಬ್ಬಿ. ಅವಳ ಸೊಟ್ಟ ಬೆರಳು ಮೇಜಿನ ಅಂಚು ಹಿಡ್ಕೊಂಡಿತ್ತು. "ಇವರ್ಯಾರೋ ನನಗೆ ಗೊತ್ತಿಲ್ಲ. ಪಾಪ, ನನ್ನ ಸ್ಥಿತಿ ನೋಡಿ ಕನಿಕರಕ್ಕೆ ಹಾಗಂದ್ರು. ನನಗೆ ಯಾರೂ ಇಲ್ಲ. ಇವರನ್ನ ಬಿಟ್ಬಿಡಿ, ಕೆಲಸ ಮಾಡಿ ಬದುಕೋ ಹೆಂಗಸು."

ನನ್ನ ನೋಡದೇನೇ ಹೇಳಿದ್ಲು. ರೂಮು ಉಳಿಸ್ಕೊಳ್ಳೋಕೆ ಹೇಳಿದ್ಲೋ, ನನ್ನ ಉಳಿಸೋಕೆ ಹೇಳಿದ್ಲೋ, ನಾನು ಇವತ್ತಿಗೂ ಕೇಳಿಲ್ಲ. ಪರದೆ ಮೇಲೆ ನಮ್ಮಿಬ್ಬರ ಮುಖ ಅಕ್ಕಪಕ್ಕ ಹಾಕಿ ತೋರಿಸಿದ್ರು. ಅದೇ ಮೂಗು, ಅದೇ ಗದ್ದ. ಕುರುಡರಿಗೂ ಗೊತ್ತಾಗ್ತಿತ್ತು. ವಕೀಲರು ಬಾಯಿಗೆ ಕೈ ಅಡ್ಡ ಇಟ್ಟು ಕೆಮ್ಮಿದ್ರು.

ಮುಗಿದ ಮೇಲೆ ಮೊದ್ಲು ನನ್ನ ರೂಮಿಗೆ ಬಂದಿದ್ದು ವಕೀಲರೇ, ಬಣ್ಣ ಒರೆಸಿಸ್ಕೊಳ್ಳೋಕೆ. ಕುರ್ಚಿ ಮೇಲೆ ಕೂತು ಕಣ್ಣು ಮುಚ್ಚಿ, "ಮನಸ್ಸಿಗೆ ಹಚ್ಕೋಬೇಡಮ್ಮ. ಕ್ಯಾಮೆರಾ ಮುಂದೆ ಹಾಗೇ ಮಾತಾಡ್ಬೇಕಾಗುತ್ತೆ. ನನಗೂ ಮಕ್ಕಳಿದ್ದಾರೆ," ಅಂದ್ರು. ಒರೆಸಿದೆ. ಎರಡೂ ಕೆನ್ನೆ, ಹಣೆ, ಕಿವಿಯ ಹಿಂದೆ, ಎಲ್ಲಾ ಒರೆಸಿದೆ. ಯಾಕೆ ಒರೆಸಿದೆ ಅಂತ ಕೇಳ್ಬೇಡಿ. ಕೈ ತನ್ನ ಪಾಡಿಗೆ ತಾನು ಕೆಲಸ ಮಾಡ್ತಿತ್ತು.

ಅವರು ಹೋದ ಮೇಲೆ ಗುಬ್ಬಿ ಬಂದು ಕೂತ್ಲು. ಬಾಗಿಲು ಹಾಕಿ ಚಿಲಕ ಇಟ್ಟೆ.

"ತಪ್ಪಾಯ್ತು ಕಣೇ. ನನ್ನ ಬಾಯಿಗೆ ಬೆಂಕಿ ಬೀಳ್ಲಿ," ಅಂದೆ.

"ಬಿಡಮ್ಮ. ಒಂದು ಗಳಿಗೆ ಎಷ್ಟು ಖುಷಿಯಾಯ್ತು ಗೊತ್ತಾ, ಆಮೇಲೆ ಭಯ ಆಯ್ತು," ಅಂದ್ಲು. ನಕ್ಲು ಕೂಡ.

ಒರೆಸೋಕೆ ಶುರು ಮಾಡಿದೆ. ಕಿತ್ತಳೆ ಬಣ್ಣ ಟಿಶ್ಯೂಗೆ ಬಂತು, ಕೆಳಗಿಂದ ನೆರಳು ಕಾಣ್ತು. ಅರ್ಧ ಒರೆಸಿದ್ದೆ, ಅವಳ ಫೋನ್ ಬಂತು. ವಾರ್ಡನ್ನಮ್ಮ. ಆ ಪುಟ್ಟ ರೂಮಲ್ಲಿ ಅವರ ದನಿ ನನಗೂ ಕೇಳ್ತಿತ್ತು. ನಾಳೆ ಮೀಟಿಂಗೇ ಬೇಕಾಗಿಲ್ಲ ಅಂತ ಕಮಿಟಿಯೋರು ಫೋನಲ್ಲೇ ತೀರ್ಮಾನ ಮಾಡಿದ್ರಂತೆ. ಫಾರಮಿನಲ್ಲಿ ಸುಳ್ಳಿದೆ, ಭಾನುವಾರದೊಳಗೆ ರೂಮು ಖಾಲಿ ಮಾಡಬೇಕು. ಆಯಮ್ಮ ಅಳೋ ದನಿಯಲ್ಲೇ, "ನನ್ನ ಕೈ ಮೀರಿತಮ್ಮ. ಆದ್ರೂ ನನಗೊಂದು ಸಮಾಧಾನ. ಇಷ್ಟು ದಿನ ನಿನಗೆ ಯಾರೂ ಇಲ್ಲ ಅಂತ ಸಂಕಟ ಪಡ್ತಿದ್ದೆ. ಅಮ್ಮ ಇದ್ದಾರಲ್ಲ, ನಿನ್ನ ಪುಣ್ಯ," ಅಂದ್ರು.

"ಹೌದು ಮೇಡಂ," ಅಂದ್ಲು ಗುಬ್ಬಿ.

ಮೇಜಿನ ಮೇಲಿದ್ದ ನನ್ನ ಫೋನು ಆಗಿಂದ ಗುರ್ ಗುರ್ ಅಂತಾನೇ ಇತ್ತು. ಮನೆ, ಮನೆ, ಮನೆ ಅಂತ ಬರ್ತಿತ್ತು. ಅವಳೂ ನೋಡಿದ್ಲು, ಕಣ್ಣು ಬೇರೆ ಕಡೆ ತಿರುಗಿಸಿದ್ಲು. ನಾನು ಒಳಗೇ ಬೇಡ್ಕೊಳ್ತಿದ್ದೆ, ಮನೆಗೆ ಬರ್ಲಾ ಅಂತ ಇವಳು ಕೇಳದೆ ಇರ್ಲಿ ಅಂತ. ಹೆತ್ತ ತಾಯಿ ಬೇಡ್ಕೊಳ್ಳೋ ಮಾತಾ ಅದು? ಆದ್ರೂ ಬೇಡ್ಕೊಂಡೆ. ಅವಳು ಕೇಳ್ಲಿಲ್ಲ. ಕೇಳೋಳಲ್ಲ ಅಂತ ನನಗೂ ಗೊತ್ತಿತ್ತು. ಆ ಹೊಸ ಟ್ಯೂಬನ್ನ ಅವಳ ಚೀಲಕ್ಕೆ ಹಾಕಿದೆ. "ಲ್ಯಾಬಿಗೆ ದಿನಾ ಹೀಗೇ ಹೋಗ್ತೀನಮ್ಮ, ಇದೆಲ್ಲ ಯಾಕೆ," ಅಂದ್ಲು, ಆದ್ರೂ ವಾಪಸ್ ತೆಗೀಲಿಲ್ಲ. ಹೊರಗಿಂದ ಕೌಂಟ್‌ಡೌನ್ ಬಾಗಿಲು ತಟ್ಟಿ, ಆರು ಗಂಟೆ ಬುಲೆಟಿನ್ನಿಗೆ ಕುರ್ಚಿ ಬೇಕು ಅಂದ.

ಮನೆಯಲ್ಲಿ ಏನಾಯ್ತು ಅಂತ ಹೇಳಲ್ಲ. ಟೀವಿ ಒಡೆದಿತ್ತು, ಅಷ್ಟು ಸಾಕು.

ಭಾನುವಾರ ತರಕಾರಿ ಚೀಲ ಹಿಡ್ಕೊಂಡು ಪಾರ್ಕಿಗೆ ಹೋದೆ. ಗುಬ್ಬಿ ಬೆಂಚಿನ ಮೇಲೆ ಕೂತಿದ್ಲು. ಪಕ್ಕದಲ್ಲಿ ಎರಡು ಚೀಲ, ಒಂದು ಬಕೆಟ್ಟು, ಬಕೆಟ್ಟೊಳಗೆ ಸುತ್ತಿಟ್ಟ ಹೊದಿಕೆ. ರೂಮಿನೋಳು ಗೇಟಿನ ತನಕ ಬಂದು ಅತ್ಲಂತೆ. ಎರಡು ಕಡೆ ರೂಮು ಕೇಳಿದಾಳೆ, ಟೀವಿಯಲ್ಲಿ ನೋಡಿದೀವಿ ಅಂದ್ರಂತೆ. ನನ್ನ ತೋಳಿನ ಮೇಲಿದ್ದ ಬಾಸುಂಡೆ ನೋಡಿದ್ಲು. ನಾನು ಡಬ್ಬಿಯಲ್ಲಿ ತಂದಿದ್ದ ಊಟ ಬಿಚ್ಚಿದೆ. ಅರ್ಧ ಉಂಡು, ಅರ್ಧ ಮುಚ್ಚಿಟ್ಕೊಂಡ್ಲು.

"ಎಲ್ಲಿಗೆ ಹೋಗ್ತೀಯೇ?" ಅಂದೆ.

"ನೋಡೋಣಮ್ಮ. ಸ್ವಲ್ಪ ಹೊತ್ತು ಇಲ್ಲೇ ಇರ್ತೀನಿ," ಅಂದ್ಲು. ಕೈಯಲ್ಲಿದ್ದ ಗಡಿಯಾರ ನೋಡಿ, "ಅರ್ಧ ಗಂಟೆ ಆಯ್ತು. ಅಪ್ಪ ಹುಡುಕ್ತಾರೆ, ನೀನು ಹೊರಡು," ಅಂದ್ಲು.

ನಾನು ಎದ್ದೆ. ಅವಳ ಕೆನ್ನೆ ಒಂದ್ಸಲ ಮುಟ್ಟಿ, ತರಕಾರಿ ಚೀಲ ತಗೊಂಡು ಹೊರಟೆ.